ಜಲಮಾರ್ಗದ ಜೀರ್ಣೋದ್ಧಾರ

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿರುವ ಉತ್ತರ ಕೆರೊಲೈನಾ ರಾಜ್ಯದ ಪಶ್ಚಿಮದಂಚಿನಲ್ಲಿ, ಬ್ಲೂ ರಿಡ್ಜ್ ಪರ್ವತಶ್ರೇಣಿಯ ನಡುವೆ, ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ ಆಶ್‌ವಿಲ್ ಎಂಬ ನಗರವುಂಟು. ಸುಮಾರು 94 ಸಾವಿರ ಜನರು ವಾಸಿಸುವ ಈ ಊರು ತನ್ನ ತಂಪಾದ ಹವೆಗೂ, ಸುತ್ತಣ ಕಾಡುಗಳಿಗೂ, ನಿರ್ಮಲವಾದ ನೀರಿಗೂ ಹೆಸರಾದುದು. ಸಾಗರತೀರದಿಂದ ಮುನ್ನೂರು ಕಿಲೋಮೀಟರಿಗೂ ದೂರದಲ್ಲಿರುವ ಇಂಥ ಗಿರಿನಗರವನ್ನು ಕಡಲಿನ ಚಂಡಮಾರುತವೊಂದು ಬಂದು ನೀರಿಲ್ಲದಂತೆ ಮಾಡೀತೆಂದು ಅಲ್ಲಿನ ಸಾಮಾನ್ಯ ಜನರು ಎಣಿಸಿರಲಾರರು. ಆದರೆ 2024ನೆಯ ಸೆಪ್ಟೆಂಬರ್ 27ರಂದು ಹೆಲೀನ್ ಎಂಬ ಚಂಡಮಾರುತ ಅದನ್ನೇ ಮಾಡಿತು. ಅಂದಿನಿಂದ ಮೊದಲುಗೊಂಡು ನವೆಂಬರ್ 18ರ ವರೆಗೆ, 53 ದಿನಗಳ ಕಾಲ, ಆ ನಗರದ ಬಹುಭಾಗಕ್ಕೆ ಕುಡಿಯಲು ಯೋಗ್ಯವಾದ ನೀರು ನಲ್ಲಿಯಲ್ಲಿ ಬರಲಿಲ್ಲ. ಊರು ಮುಳುಗುವಷ್ಟು ಮಳೆ ಸುರಿದ ಮೇಲೆ ಊರಿಗೇ ನೀರಿಲ್ಲವೆಂಬುದು ಕೇಳುವುದಕ್ಕೆ ವಿಚಿತ್ರವಾಗಿ ತೋರಬಹುದು. ಆದರೆ ಮೇಲಿನಿಂದ ಬೀಳುವ ನೀರು ಬೇರೆ, ಮನೆಯೊಳಕ್ಕೆ ಬರುವ ನೀರು ಬೇರೆ, ಇವೆರಡರ ನಡುವೆ ಮನುಷ್ಯನ ಬುದ್ಧಿಯೂ ದುಡಿಮೆಯೂ ಕಟ್ಟಿಕೊಟ್ಟ ದೀರ್ಘವಾದ ದಾರಿಯೊಂದುಂಟು. ಆ ದಾರಿ ಮುರಿದುಬಿದ್ದಾಗ ಅದನ್ನು ಹೇಗೆ ಮತ್ತೆ ಕಟ್ಟಿದರು, ಕಟ್ಟಿದ ಮೇಲೂ ನೀರು ಕುಡಿಯುವಂತಾಗಲು ಏಕೆ ಅಷ್ಟು ತಡವಾಯಿತು ಎಂಬ ವೃತ್ತಾಂತವು, ನಗರಗಳಲ್ಲಿ ಬಾಳುವವರೆಲ್ಲರೂ ತಿಳಿದಿರತಕ್ಕದ್ದು.

ಆಶ್‌ವಿಲ್ಲಿಗೆ ನೀರು ಒದಗುವುದು ಮೂರು ಮೂಲಗಳಿಂದ. ಎಲ್ಲಕ್ಕಿಂತ ದೊಡ್ಡದು ಊರಿನ ಪೂರ್ವಕ್ಕೆ, ಬ್ಲ್ಯಾಕ್ ಮೌಂಟನ್ ಎಂಬ ಪುಟ್ಟ ಪಟ್ಟಣದ ಬಳಿ, 1950ರ ದಶಕದಲ್ಲಿ ಮಣ್ಣಿನ ಏರಿಯನ್ನು ಹಾಕಿ ನಿರ್ಮಿಸಿದ ನಾರ್ತ್ ಫೋರ್ಕ್ ಜಲಾಶಯ. ನಗರದ ನೀರಿನಲ್ಲಿ ಮುಕ್ಕಾಲು ಪಾಲಿನಷ್ಟು ಇದೊಂದರಿಂದಲೇ ಬರುತ್ತದೆ. ಅದಕ್ಕಿಂತ ಚಿಕ್ಕದಾದ ಬೀ ಟ್ರೀ ಜಲಾಶಯವು ಅದೇ ದಿಕ್ಕಿನಲ್ಲಿ, ಸ್ವಾನನೋವಾ ನದಿಯ ಕಣಿವೆಯಲ್ಲಿದೆ. ಮೂರನೆಯದಾದ ಮಿಲ್ಸ್ ರಿವರ್ ಸ್ಥಾವರವು ಊರಿನ ದಕ್ಷಿಣಕ್ಕಿದ್ದು ನದಿಯ ನೀರನ್ನೆತ್ತಿ ಶುದ್ಧಪಡಿಸುತ್ತದೆ. ಮೊದಲೆರಡು ಜಲಾಶಯಗಳು ಊರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿನ ನೀರು ಬಹುಮಟ್ಟಿಗೆ ತನ್ನ ಭಾರದಿಂದಲೇ ಕೆಳಕ್ಕಿಳಿದು ಬರುತ್ತದೆ. ನಾರ್ತ್ ಫೋರ್ಕಿನ ಮೇಲುಗಡೆಯ ಕಾಡು, ಸುಮಾರು 20 ಸಾವಿರ ಎಕರೆಗಳಷ್ಟು ವಿಸ್ತಾರವಾದ ಜಲಾನಯನ ಪ್ರದೇಶ, ನಗರದ ಸ್ವಾಧೀನದಲ್ಲಿಯೇ ಇದೆ. ಅಲ್ಲಿ ಮನೆ ಕಟ್ಟುವಂತಿಲ್ಲ, ಬೇಸಾಯ ಮಾಡುವಂತಿಲ್ಲ. ಹೀಗೆ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಅರಣ್ಯದಿಂದ ಇಳಿದುಬರುವ ನೀರು ಸಹಜವಾಗಿಯೇ ಎಷ್ಟು ತಿಳಿಯಾಗಿದ್ದಿತೆಂದರೆ, ಇತರ ಊರುಗಳ ಶುದ್ಧೀಕರಣಾಗಾರಗಳಲ್ಲಿ ಇರುವಂಥ, ನೀರನ್ನು ನಿಲ್ಲಿಸಿ ಮಣ್ಣು ತಳಕ್ಕಿಳಿಯುವಂತೆ ಮಾಡುವ ದೊಡ್ಡ ತೊಟ್ಟಿಗಳ ಅವಶ್ಯಕತೆಯೇ ಇಲ್ಲಿ ಕಂಡುಬರಲಿಲ್ಲ. ಜಲಾಶಯದಿಂದ ಬಂದ ನೀರಿಗೆ ಸ್ವಲ್ಪ ರಾಸಾಯನಿಕವನ್ನು ಬೆರೆಸಿ ನೇರವಾಗಿ ಸೋಸುವ ಪದರಗಳ ಮೂಲಕ ಹರಿಯಿಸಿದರೆ ಸಾಕಾಗುತ್ತಿದ್ದಿತು. ಆ ಕಾಲಕ್ಕೆ ಇದು ಮಿತವ್ಯಯವೂ ಯುಕ್ತವೂ ಆದ ಏರ್ಪಾಡು. ಗುಣವೇ ದೋಷವಾಗುವ ಸಂದರ್ಭವೂ ಒಂದುಂಟೆಂಬುದು ಮುಂದೆ ತಿಳಿಯಬೇಕಾಗಿದ್ದಿತು.

ಹೆಲೀನ್ ಫ್ಲಾರಿಡಾದ ಕರಾವಳಿಯನ್ನು ಹೊಕ್ಕದ್ದು ಸೆಪ್ಟೆಂಬರ್ 26ರ ರಾತ್ರಿ. ಆದರೆ ಅದರ ಆಗಮನಕ್ಕೆ ಮುಂಚೆಯೇ, 25ರಿಂದಲೇ, ಬ್ಲೂ ರಿಡ್ಜ್ ಬೆಟ್ಟಗಳ ಮೇಲೆ ಮಳೆ ಹಿಡಿದಿದ್ದಿತು. ಕಡಲಿನಿಂದ ತೇವವನ್ನು ಹೊತ್ತು ಬಂದ ಗಾಳಿಯು ಪರ್ವತದ ಮೈಯನ್ನೇರುವಾಗ ತಣಿದು ತನ್ನ ಭಾರವನ್ನೆಲ್ಲ ಸುರಿದುಬಿಡುವುದೆಂಬುದನ್ನು ಆಗುಂಬೆ, ಹುಲಿಕಲ್ಲುಗಳ ಮಳೆಯನ್ನು ಕಂಡ ನಮ್ಮವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಆದರೆ ಸಹ್ಯಾದ್ರಿಯ ಹಳ್ಳಕೊಳ್ಳಗಳು ಯುಗಯುಗಗಳಿಂದ ಆ ಮಳೆಗೆ ಒಗ್ಗಿಕೊಂಡಿರುವಂತೆ ಅಲ್ಲಿನ ಕಣಿವೆಗಳು ಒಗ್ಗಿಕೊಂಡಿರಲಿಲ್ಲ. ಮೂರು ದಿನಗಳಲ್ಲಿ ಬ್ಯೂಸಿಕ್ ಎಂಬಲ್ಲಿ 30 ಅಂಗುಲಗಳಿಗೂ ಹೆಚ್ಚು, ಮಿಸಿಸಿಪ್ಪಿ ನದಿಯಿಂದ ಪೂರ್ವದ ಶಿಖರಗಳಲ್ಲೆಲ್ಲ ಅತ್ಯುನ್ನತವಾದ ಮೌಂಟ್ ಮಿಚೆಲ್ಲಿನಲ್ಲಿ 24 ಅಂಗುಲಗಳಿಗೂ ಹೆಚ್ಚು ಮಳೆಯಾಯಿತು. ಈಗಾಗಲೇ ತೊಯ್ದು ಸಡಿಲವಾಗಿದ್ದ ನೆಲದ ಮೇಲೆ ಚಂಡಮಾರುತದ ಮುಖ್ಯ ವೃಷ್ಟಿ ಬಿದ್ದಾಗ ಬೆಟ್ಟದ ಮಗ್ಗುಲುಗಳು ಸಾವಿರಕ್ಕೂ ಮಿಕ್ಕ ಕಡೆಗಳಲ್ಲಿ ಕುಸಿದುವು. ಆಶ್‌ವಿಲ್ಲಿನ ನಡುವೆ ಹರಿಯುವ ಫ್ರೆಂಚ್ ಬ್ರಾಡ್ ನದಿಯು 24 ಅಡಿಗಳಿಗೂ ಮೇಲಕ್ಕೆ ಏರಿ, ಹಿರಿಯರು ಹೇಳುತ್ತ ಬಂದಿದ್ದ 1916ರ ಮಹಾಪ್ರವಾಹದ ಗುರುತನ್ನು ಮೀರಿಸಿತು. ಉತ್ತರ ಕೆರೊಲೈನಾ ರಾಜ್ಯವೊಂದರಲ್ಲಿಯೇ ನೂರಕ್ಕಿಂತ ಹೆಚ್ಚು ಮಂದಿ ಅಸುನೀಗಿದರು. ನೀರಿನ ಕೊಳವೆಗಳ ಕಥೆಯನ್ನು ಹೇಳುವಾಗ ಈ ಸಾವುಗಳ ನೆನಪನ್ನು ಬಿಟ್ಟು ಮುಂದೆ ಸಾಗುವುದು ಸಲ್ಲದು. ಮುರಿದುಹೋದ ದಾರಿಯನ್ನು ಸರಿಪಡಿಸಲು ಬಂದ ಕೆಲಸಗಾರರ ಪೈಕಿಯೂ ಎಷ್ಟೋ ಮಂದಿ ಅದೇ ನೆರೆಯಲ್ಲಿ ನೊಂದ ಊರಿನವರೇ ಆಗಿದ್ದರು.

ಇನ್ನು ಜಲಾಶಯದ ಮಾತು. ಮಣ್ಣಿನ ಏರಿಗೆ ಪರಮಶತ್ರುವೆಂದರೆ ಅದರ ತಲೆಯ ಮೇಲಿನಿಂದ ಉಕ್ಕಿ ಹರಿಯುವ ನೀರು. ಅಂಥ ನೀರು ಏರಿಯ ಹೊರಮೈಯನ್ನು ಕೊರೆಯತೊಡಗಿದರೆ ಕೆಲವೇ ಗಳಿಗೆಗಳಲ್ಲಿ ಇಡೀ ಕಟ್ಟೆಯೇ ಕೊಚ್ಚಿಹೋಗಬಹುದು. ನಮ್ಮ ಪೂರ್ವಿಕರು ಕೆರೆ ಕಟ್ಟಿದಾಗಲೆಲ್ಲ ಕೋಡಿಗೆ ಅಷ್ಟೊಂದು ಮಹತ್ತ್ವ ಕೊಟ್ಟದ್ದು ಇದೇ ಕಾರಣದಿಂದ. ನಾರ್ತ್ ಫೋರ್ಕಿನಲ್ಲಿಯೂ 2021ರಲ್ಲಿ ಹೊಸದೊಂದು ಸಹಾಯಕ ಕೋಡಿಯನ್ನು ಮುಗಿಸಿದ್ದರು. ನೀರು ಗೊತ್ತಾದ ಮಟ್ಟವನ್ನು ಮುಟ್ಟಿದಾಗ ಯಾರ ಅಪ್ಪಣೆಗೂ ಕಾಯದೆ ತಾವಾಗಿಯೇ ಮಗುಚಿಕೊಂಡು ದಾರಿಬಿಡುವಂಥ ಭಾರವಾದ ಬಾಗಿಲುಗಳನ್ನು ಅದಕ್ಕೆ ಅಳವಡಿಸಿದ್ದರು. ಹೆಲೀನ್ ಬಂದ ದಿನ ಆ ಕೋಡಿಯು ತನ್ನ ಕೆಲಸವನ್ನು ಮಾಡಿತು, ಕಟ್ಟೆ ಉಳಿಯಿತು. ಕಟ್ಟೆ ಉಳಿದುದರಿಂದ ಕೆಳಗಿನ ಕಣಿವೆಯಲ್ಲಿದ್ದ ಸಾವಿರಾರು ಜನರ ಪ್ರಾಣ ಉಳಿಯಿತು. ಆದರೆ ಜಲಾಶಯದಿಂದ ಹೊರಬಿದ್ದ ನೀರು ಎಲ್ಲಿಯಾದರೂ ಹರಿಯಲೇಬೇಕಷ್ಟೆ. ಅದು ಕಟ್ಟೆಯ ಕೆಳಗಿನ ಕಣಿವೆಯನ್ನು ಅಗೆದು, ರಸ್ತೆಯನ್ನು ಕಿತ್ತು, ನೆಲದಡಿಯಲ್ಲಿ ಹುದುಗಿಸಿದ್ದ ಕೊಳವೆಗಳನ್ನು ಬಯಲಿಗೆಳೆದು ಮುರಿಯಿತು.

ಕೊಳವೆಯೊಂದು ನೆರೆಯಲ್ಲಿ ಮುರಿಯುವ ಬಗೆಯನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಕೊಳವೆಯ ಬಲವೆಲ್ಲ ಅದರ ಲೋಹದಲ್ಲಿದೆಯೆಂದು ನಾವು ಭಾವಿಸುವುದುಂಟು. ವಾಸ್ತವವಾಗಿ ಅದರ ಬಲದಲ್ಲಿ ದೊಡ್ಡದೊಂದು ಪಾಲು ಅದನ್ನು ಸುತ್ತಲೂ ಅಪ್ಪಿ ಹಿಡಿದಿರುವ ಮಣ್ಣಿನದು. ಒಳಗೆ ಒತ್ತಡದಿಂದ ಹರಿಯುವ ನೀರು ಪ್ರತಿಯೊಂದು ತಿರುವಿನಲ್ಲಿಯೂ ಕೊಳವೆಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಆ ನೂಕುಬಲಕ್ಕೆ ಎದುರಾಗಿ ನಿಂತು ಕೀಲುಗಳು ಬಿಚ್ಚಿಕೊಳ್ಳದಂತೆ ನೋಡಿಕೊಳ್ಳುವುದು ಅಡಿಯ ಹಾಸು ಮತ್ತು ಪಕ್ಕದ ನೆಲ. ಪ್ರವಾಹದ ನೀರು ಆ ನೆಲವನ್ನು ತೊಳೆದುಕೊಂಡು ಹೋದರೆ ಕೊಳವೆಯು ಆಧಾರವಿಲ್ಲದ ತೊಲೆಯಂತೆ ಅಂತರದಲ್ಲಿ ನಿಂತುಬಿಡುತ್ತದೆ; ಕೀಲುಗಳು ಸಡಿಲುತ್ತವೆ; ನೆರೆಯೊಡನೆ ಉರುಳಿಬರುವ ಮರದ ಬೊಡ್ಡೆಗಳೂ ಬಂಡೆಗಳೂ ಮೇಲೆ ಬಂದು ಬಡಿದರೆ ಅದು ತುಂಡುತುಂಡಾಗುತ್ತದೆ. ನಾರ್ತ್ ಫೋರ್ಕಿನಿಂದ ಹೊರಟ 24 ಅಂಗುಲ ಮತ್ತು 36 ಅಂಗುಲ ವ್ಯಾಸದ ಮುಖ್ಯ ಕೊಳವೆಗಳಿಗೆ ಇದೇ ಗತಿಯಾಯಿತು.

ಈ ಅನುಭವ ಆ ಊರಿಗೆ ಹೊಸದಲ್ಲ. 2004ನೆಯ ಸೆಪ್ಟೆಂಬರಿನಲ್ಲಿ ಫ್ರಾನ್ಸಸ್, ಐವನ್ ಎಂಬ ಎರಡು ಚಂಡಮಾರುತಗಳ ಶೇಷಗಳು ಒಂದರ ಬೆನ್ನಿಗೊಂದು ಬಂದು ಇದೇ ಕಣಿವೆಯಲ್ಲಿ ಕೊಳವೆಗಳನ್ನು ಕಿತ್ತುಹಾಕಿ, ಹಲವು ದಿನಗಳವರೆಗೆ ನಗರವನ್ನು ನೀರಿಲ್ಲದಂತೆ ಮಾಡಿದ್ದುವು. ಅಂದಿನ ಪಾಠವನ್ನು ಆ ಊರಿನವರು ಮರೆಯಲಿಲ್ಲ. ಮುಖ್ಯ ಕೊಳವೆಗಳು ಮತ್ತೊಮ್ಮೆ ಒಡೆದರೂ ನೀರು ಬರುವಂತಿರಲೆಂದು 36 ಅಂಗುಲ ವ್ಯಾಸದ ಉಪಮಾರ್ಗವೊಂದನ್ನು, ಪ್ರವಾಹದ ಕೈ ತಲಪದಿರಲೆಂದು 25 ಅಡಿಗಳ ಆಳದಲ್ಲಿ ಹುದುಗಿಸಿ ಇಟ್ಟರು. ನಾನು ಮೇಲೆ ಹೇಳಿದ ಹೊಸ ಕೋಡಿಯ ಯೋಜನೆಗೂ ಅಂದಿನ ಆ ಅನುಭವವು ಹಿನ್ನೆಲೆಯಾಗಿದ್ದಿತು. ಇಪ್ಪತ್ತು ವರ್ಷಗಳ ಮೇಲೆ, ಅದೇ ಸೆಪ್ಟೆಂಬರ್ ತಿಂಗಳಲ್ಲಿ, ಪರೀಕ್ಷೆ ಮತ್ತೆ ಬಂದಿತು. ಈ ಸಾರಿ ನೀರು ನೆಲವನ್ನು ಎಷ್ಟು ಆಳಕ್ಕೆ ಕೊರೆಯಿತೆಂದರೆ 25 ಅಡಿಗಳ ಅಡಿಯಲ್ಲಿದ್ದ ಉಪಮಾರ್ಗದ ಒಂದು ಭಾಗವೂ ಕಿತ್ತುಹೋಯಿತು. ಇದನ್ನು ಕೇಳಿದವರು, ಹಾಗಾದರೆ ಅಷ್ಟೆಲ್ಲ ಹಣವನ್ನೂ ಶ್ರಮವನ್ನೂ ವೆಚ್ಚಮಾಡಿದುದು ವ್ಯರ್ಥವಾಯಿತಲ್ಲವೆ ಎಂದು ಕೇಳಬಹುದು. ವ್ಯರ್ಥವಾಗಲಿಲ್ಲ. ಮುಖ್ಯ ಕೊಳವೆಗಳು ಮತ್ತೆ ಕಟ್ಟಬೇಕಾದಷ್ಟು ಹಾಳಾಗಿದ್ದುವು. ಆಳದಲ್ಲಿದ್ದ ಉಪಮಾರ್ಗವಾದರೋ ದುರಸ್ತಿ ಮಾಡಿದರೆ ಬಳಸಬಹುದಾದಷ್ಟು ಮಟ್ಟಿಗೆ ಉಳಿದಿದ್ದಿತು. ಅದನ್ನು ಅಕ್ಟೋಬರ್ 10ರ ವೇಳೆಗೆ, ಎಂದರೆ ಎರಡು ವಾರಗಳೊಳಗಾಗಿ, ಮರುಜೋಡಿಸುವುದು ಸಾಧ್ಯವಾಯಿತು.

ಆ ಎರಡು ವಾರಗಳಲ್ಲಿ ನಡೆದ ಕೆಲಸದ ಕ್ರಮವು ತಿಳಿದುಕೊಳ್ಳಲು ಯೋಗ್ಯವಾದುದು. ಮೊದಲನೆಯ ಕೆಲಸ ಕೊಳವೆಯದಲ್ಲ, ದಾರಿಯದು. ಜಲಾಶಯಕ್ಕೆ ಹೋಗುವ ರಸ್ತೆಗಳೇ ಇಲ್ಲವಾಗಿದ್ದುದರಿಂದ ಮಣ್ಣು ಅಗೆಯುವ ಯಂತ್ರಗಳನ್ನೂ ಹೊಸ ಕೊಳವೆಗಳನ್ನೂ ಒಯ್ಯುವುದಕ್ಕೆ ಮುಂಚೆ ಬಿದ್ದ ಮರಗಳನ್ನು ಕಡಿದು ಸರಿಸಿ, ಕಣಿವೆಯ ಗುಂಡಿಗಳನ್ನು ಕಲ್ಲುಮಣ್ಣುಗಳಿಂದ ತುಂಬಿ, ತಾತ್ಕಾಲಿಕವಾದ ರಸ್ತೆಯನ್ನು ಮಾಡಬೇಕಾಗಿದ್ದಿತು. ದೂರವಾಣಿ, ವಿದ್ಯುಚ್ಛಕ್ತಿ ಎರಡೂ ಇಲ್ಲದ ಆ ದಿನಗಳಲ್ಲಿ ಯಾವ ಕೊಳವೆ ಎಲ್ಲಿ ಒಡೆದಿದೆಯೆಂದು ತಿಳಿಯುವುದೇ ಒಂದು ಪ್ರಯಾಸ. ಬಳಿಕ ಒಡೆದ ತುದಿಗಳನ್ನು ಕಂಡುಹಿಡಿದು, ಹೊಳೆಯ ಹೊಸ ಪಾತ್ರವನ್ನು ಪಕ್ಕಕ್ಕೆ ತಿರುಗಿಸಿ, ಹೊಂಡದ ನೀರನ್ನು ಹೊರಹಾಕಿ, ಗಟ್ಟಿಯಾದ ನೆಲ ಸಿಕ್ಕುವವರೆಗೆ ಅಗೆದು, ಹೊಸ ಹಾಸನ್ನು ಬಿಗಿದು, ಅದರ ಮೇಲೆ ಕೊಳವೆಯ ತುಂಡುಗಳನ್ನಿರಿಸಿ, ಕೀಲುಗಳು ಮತ್ತೆ ಬಿಚ್ಚಿಕೊಳ್ಳದಂತೆ ಬಂಧಿಸಿ, ಮಣ್ಣನ್ನು ಪದರ ಪದರವಾಗಿ ತುಂಬಿ ದಿಮ್ಮಿಸಬೇಕು. ಅವಸರದ ವೇಳೆಯಲ್ಲಿ ಈ ಹಂತಗಳಲ್ಲಿ ಒಂದನ್ನು ಬಿಟ್ಟರೂ ಅದರ ಫಲ ನೀರು ಬಿಟ್ಟ ದಿನವೇ ಕಾಣುತ್ತದೆ.

ಕೊಳವೆ ಜೋಡಿಸಿದಾಕ್ಷಣ ನೀರು ಬಿಡುವಂತೆಯೂ ಇಲ್ಲ. ಖಾಲಿಯಾದ ಕೊಳವೆಗಳಲ್ಲಿ ಗಾಳಿ ತುಂಬಿಕೊಂಡಿರುತ್ತದೆ. ನೀರನ್ನು ಒಮ್ಮೆಲೇ ಹರಿಯಬಿಟ್ಟರೆ ಸೆರೆಸಿಕ್ಕ ಗಾಳಿಯು ಒತ್ತಡದ ಅಲೆಗಳನ್ನೆಬ್ಬಿಸಿ, ಗಟ್ಟಿಯಾಗಿದ್ದ ಕೊಳವೆಯನ್ನೂ ಸೀಳಬಲ್ಲದು. ಆದುದರಿಂದ ತಗ್ಗಿನಿಂದ ಎತ್ತರಕ್ಕೆ, ಒಂದು ವಿಭಾಗದಿಂದ ಮತ್ತೊಂದಕ್ಕೆ, ಗಾಳಿಯನ್ನು ಹೊರಬಿಡುತ್ತ ನಿಧಾನವಾಗಿ ತುಂಬಿಸುತ್ತ ಹೋಗಬೇಕು. ತುಂಬಿಸುವಾಗಲೇ ಊರಿನ ಒಳಗೆ ನೆರೆಯಿಂದ ಮುರಿದ ನೂರಾರು ಸಣ್ಣ ಕೊಳವೆಗಳು ಅಲ್ಲಲ್ಲಿ ಚಿಮ್ಮಿ ತಮ್ಮ ಇರವನ್ನು ಸಾರುತ್ತವೆ, ಅವನ್ನು ಮುಚ್ಚುತ್ತ ಸಾಗಬೇಕು. ಬೆಟ್ಟಗಳ ಮೇಲೆ ಹಬ್ಬಿದ ಆಶ್‌ವಿಲ್ಲಿನಲ್ಲಿ ತಗ್ಗಿನ ಬೀದಿಗಳಿಗೆ ಮೊದಲು, ದಿಣ್ಣೆಯ ಮೇಲಿನ ಮನೆಗಳಿಗೆ ಕೊನೆಗೆ ನೀರು ಬಂದುದು ಈ ಕಾರಣದಿಂದಲೇ. ಅಕ್ಟೋಬರ್ ತಿಂಗಳ ಮಧ್ಯಭಾಗದಿಂದ ನಾರ್ತ್ ಫೋರ್ಕಿನ ನೀರನ್ನು, ಸೋಸದೆ, ಅಧಿಕ ಪ್ರಮಾಣದ ಕ್ಲೋರಿನ್ ಬೆರೆಸಿ ಕೊಳವೆಗಳಿಗೆ ಬಿಡತೊಡಗಿದರು. ಕಂದುಬಣ್ಣದ ಆ ನೀರು ಶೌಚಕ್ಕೂ ಬೆಂಕಿಯಾರಿಸುವುದಕ್ಕೂ ಒದಗುವಂಥದು, ಕುಡಿಯುವುದಕ್ಕಲ್ಲ.

ಅಲ್ಲಿಗೆ ಕೊಳವೆಯ ಕಷ್ಟ ಮುಗಿದು ನೀರಿನ ಕಷ್ಟ ಮೊದಲಾಯಿತು. ಕುಸಿದ ಬೆಟ್ಟಗಳ ಮಣ್ಣೆಲ್ಲ ಜಲಾಶಯಕ್ಕೆ ಇಳಿದಿದ್ದಿತಷ್ಟೆ. ಅದರಲ್ಲಿ ದಪ್ಪನೆಯ ಮರಳು ಬೇಗನೆ ತಳಕ್ಕೆ ಹೋಯಿತಾದರೂ, ಅತಿಸೂಕ್ಷ್ಮವಾದ ಜೇಡಿಯ ಕಣಗಳು ಮಾತ್ರ ನೀರಿನಲ್ಲಿ ತೇಲುತ್ತಲೇ ಉಳಿದುವು. ಈ ಕಣಗಳು ಒಂದೇ ಜಾತಿಯ ವಿದ್ಯುದಂಶವನ್ನು ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತ, ಕೂಡಿಕೊಂಡು ಭಾರವಾಗಿ ಕೆಳಗಿಳಿಯುವುದಕ್ಕೆ ಎಡೆಗೊಡುವುದಿಲ್ಲ. ಆ ಸ್ಥಾವರದ ಶೋಧಕಗಳು ಸೋಸಬಲ್ಲ ಕದಡಿನ ಮಿತಿ, ಜಲಶುದ್ಧಿಯ ಶಾಸ್ತ್ರದವರು ಬಳಸುವ ಮಾನದಲ್ಲಿ, ಎರಡರ ಆಸುಪಾಸು. ಜಲಾಶಯದ ನೀರಾದರೋ ಅದರ ಹತ್ತಾರು ಪಟ್ಟು ಕದಡಿಹೋಗಿದ್ದಿತು. ಅಂಥ ನೀರನ್ನು ಹಾಯಿಸಿದರೆ ಶೋಧಕದ ಪದರಗಳು ಕಟ್ಟಿಕೊಂಡು ನಿಲ್ಲುತ್ತವೆ. ಅದಕ್ಕಿಂತ ಮಿಗಿಲಾಗಿ, ಕೆಸರಿನ ಕಣಗಳ ಮರೆಯಲ್ಲಿ ಅಡಗಿದ ರೋಗಾಣುಗಳನ್ನು ಕ್ಲೋರಿನ್ ತಲಪಲಾರದು. ಮೊದಲು ನೀರನ್ನು ತಂಗಿಸಿ ತಿಳಿಯಾಗಿಸುವ ತೊಟ್ಟಿಗಳು ಇದ್ದಿದ್ದರೆ ಇಂಥ ನೀರಿಗೂ ಒಂದು ಉಪಾಯವಿರುತ್ತಿದ್ದಿತು; ಆದರೆ ಎಪ್ಪತ್ತು ವರ್ಷಗಳ ನೈರ್ಮಲ್ಯವು ಅವುಗಳನ್ನು ಅನಾವಶ್ಯಕವೆನಿಸಿ ದೂರವಿಟ್ಟಿದ್ದಿತು.

ಹಾಗಾಗಿ ಜಲಾಶಯವನ್ನೇ ಒಂದು ಮಹಾ ತೊಟ್ಟಿಯನ್ನಾಗಿ ಮಾಡಿ ಅದರೊಳಗೆಯೇ ನೀರನ್ನು ತಿಳಿಗೊಳಿಸುವುದಕ್ಕೆ ಇಂಜಿನಿಯರರು ಹೊರಟರು. ನಮ್ಮ ಹಳ್ಳಿಗಳಲ್ಲಿ ಕೆರೆಯಿಂದ ತಂದ ಕದಡು ನೀರಿನ ಗಡಿಗೆಯೊಳಗೆ ಚಿಲ್ಲದ ಬೀಜವನ್ನು ತೇಯುತ್ತಿದ್ದುದನ್ನು, ಇಲ್ಲವೆ ಪಟಿಕದ ಹರಳನ್ನು ನಾಲ್ಕು ಸುತ್ತು ಆಡಿಸುತ್ತಿದ್ದುದನ್ನು ಹಿರಿಯರು ಬಲ್ಲರು. ತತ್ತ್ವ ಅದೇ, ಗಡಿಗೆ ಮಾತ್ರ 600 ಕೋಟಿ ಗ್ಯಾಲನ್ನುಗಳಷ್ಟು ನೀರು ಹಿಡಿಯುವಂಥದು. ಪಟಿಕದ ವರ್ಗಕ್ಕೆ ಸೇರಿದ ಅಲ್ಯೂಮಿನಿಯಂ ಸಲ್ಫೇಟನ್ನು ನೀರಿಗೆ ಬೆರೆಸಿದಾಗ ಅದು ಜೇಡಿಯ ಕಣಗಳ ಪರಸ್ಪರ ವೈರವನ್ನು ಶಮನಗೊಳಿಸಿ, ಅವು ಗುಂಪುಗೂಡಿ ಅರಳೆಯಂತಹ ಗಂಟುಗಳಾಗಿ ತಳಕ್ಕಿಳಿಯುವಂತೆ ಮಾಡುತ್ತದೆ. ಆ ಕ್ರಿಯೆಯಿಂದ ನೀರು ಹುಳಿಯಾಗುವುದನ್ನು ತಡೆಯಲು ಜೊತೆಯಲ್ಲಿಯೇ ಕಾಸ್ಟಿಕ್ ಸೋಡವನ್ನೂ ಬೆರೆಸಬೇಕಾಗುತ್ತದೆ. ಇಡೀ ಜಲಾಶಯಕ್ಕೆ ಚಿಕಿತ್ಸೆ ಮಾಡುವುದು ಅಸಾಧ್ಯವಾದುದರಿಂದ ನೀರನ್ನು ಒಳಕ್ಕೆ ಸೆಳೆಯುವ ಮುಖದ ಸುತ್ತ ನೀರಿನೊಳಗೆ ಪರದೆಗಳನ್ನು ಇಳಿಬಿಟ್ಟು, ಆ ಆವರಣದಲ್ಲಿ ಶಾಂತವಾಗಿ ಕೆಸರು ಇಳಿಯುವಂತೆ ಏರ್ಪಡಿಸಿದರು. ಆದರೂ ಕೆಲಸ ಸುಲಭವಾಗಿರಲಿಲ್ಲ. ಶರತ್ಕಾಲದಲ್ಲಿ ಮೇಲ್ಪದರದ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತದೆ, ತಳದ ನೀರು ಮೇಲಕ್ಕೆ ಬರುತ್ತದೆ. ಆಳವಾದ ಸರೋವರಗಳಿಗೆ ಸಹಜವಾದ ಈ ತಲೆಕೆಳಗಿನ ಚಲನೆಯು ಇಳಿದ ಕೆಸರನ್ನು ಮತ್ತೆ ಮೇಲಕ್ಕೆಬ್ಬಿಸೀತೆಂಬ ಭಯವಿದ್ದಿತು. ಇದರ ಜೊತೆಗೆ ಸೈನ್ಯದ ಇಂಜಿನಿಯರುಗಳ ದಳವು ಸಾಗಿಸಬಲ್ಲ ಶುದ್ಧೀಕರಣ ಘಟಕಗಳನ್ನು ಸ್ಥಾವರದ ಬಳಿ ನಿಲ್ಲಿಸುವ ಯೋಜನೆಯನ್ನು ಕೈಗೊಂಡಿತು. ಡಿಸೆಂಬರಿನ ನಡುಭಾಗಕ್ಕೆ ಮುಂಚೆ ಶುದ್ಧವಾದ ನೀರು ಬಾರದೆಂದು ಮೊದಲು ಅಂದಾಜು ಮಾಡಿದ್ದರು. ಜಲಾಶಯದ ಚಿಕಿತ್ಸೆ ಫಲಿಸಿ ಸ್ಥಾವರದ ಶೋಧಕಗಳೇ ಮತ್ತೆ ದುಡಿಯತೊಡಗಿದುದರಿಂದ ಆ ದಿನ ಅದಕ್ಕಿಂತ ಸುಮಾರು ಒಂದು ತಿಂಗಳು ಮೊದಲೇ ಬಂದಿತು.

ಈ ನಡುವೆ ಊರಿನ ಜನಜೀವನ ಹೇಗಿದ್ದಿತು? ಕುಡಿಯುವುದಕ್ಕೆ ಬಾಟಲಿಗಳ ನೀರನ್ನು ಹಂಚಲಾಯಿತು. ಜನರು ಸರದಿಯಲ್ಲಿ ನಿಂತು ಮನೆಗೆ ಹೊತ್ತರು. ಆದರೆ ನಗರಜೀವನದಲ್ಲಿ ಕುಡಿಯುವ ನೀರು ಅತ್ಯಲ್ಪಾಂಶ. ಬಹುಮಹಡಿಯ ಮನೆಯೊಂದರಲ್ಲಿ ಶೌಚಗೃಹಕ್ಕೆ ನೀರಿಲ್ಲದಿದ್ದರೆ ಒಂದೇ ದಿನದಲ್ಲಿ ಅದು ವಾಸಕ್ಕೆ ಅನರ್ಹವಾಗುತ್ತದೆ. ತೊರೆಗಳಿಂದಲೂ ಈಜುಗೊಳಗಳಿಂದಲೂ ನೀರು ತುಂಬಿ ತಂದು, ಮೆಟ್ಟಲು ಹತ್ತಲಾರದ ವೃದ್ಧರ ಮನೆಗಳ ಶೌಚಗೃಹಗಳಿಗೆ ಸುರಿಯುವುದನ್ನೇ ವ್ರತವಾಗಿ ಕೈಗೊಂಡ ಸ್ವಯಂಸೇವಕರು ಅಲ್ಲಿ ಕಾಣಿಸಿಕೊಂಡರು. ದೊಡ್ಡ ಆಸ್ಪತ್ರೆಯೂ ಶಾಲೆಗಳೂ ತಮ್ಮ ಆವರಣದಲ್ಲಿಯೇ ಕೊಳವೆಬಾವಿಗಳನ್ನು ಕೊರೆಯಿಸಬೇಕಾಯಿತು. ಶಾಲೆಗಳು ತೆರೆದುದು ಅಕ್ಟೋಬರಿನ ಕೊನೆಯಲ್ಲಿ. ನೀರು ಕೊಳವೆಗೆ ಬಂದ ಮೇಲೂ ಒಂದು ಸೂಕ್ಷ್ಮವಾದ ತೊಂದರೆ ತಲೆದೋರಿತು. ಹಳೆಯ ಕಟ್ಟಡಗಳ ಒಳಗಣ ಕೊಳವೆಗಳಲ್ಲಿಯೂ ಬೆಸುಗೆಗಳಲ್ಲಿಯೂ ಸೀಸವಿರುವುದುಂಟು. ಆ ಸೀಸವು ನೀರಿಗೆ ಕರಗದಂತೆ ಕೊಳವೆಯ ಒಳಮೈಗೆ ತೆಳುವಾದ ಲೇಪವನ್ನು ಕೂರಿಸುವ ರಾಸಾಯನಿಕವನ್ನು ಸ್ಥಾವರದಲ್ಲಿ ನಿತ್ಯವೂ ಬೆರೆಸುತ್ತಾರೆ. ಸೋಸದ ನೀರನ್ನು ಬಿಟ್ಟ ವಾರಗಳಲ್ಲಿ ಈ ಕ್ರಿಯೆ ನಿಂತುಹೋಗಿದ್ದುದರಿಂದ ಕೆಲವು ಶಾಲೆಗಳ ನೀರಿನ ಮಾದರಿಗಳಲ್ಲಿ ಸೀಸದ ಅಂಶ ಕಂಡುಬಂದಿತು. ಆ ಅವಧಿಯಲ್ಲಿ ಮಕ್ಕಳು ಬಾಟಲಿಯ ನೀರನ್ನೇ ಕುಡಿಯುತ್ತಿದ್ದುದು ಪುಣ್ಯ. ಶುದ್ಧ ನೀರೆಂಬುದು ಹತ್ತು ಕೆಲಸಗಳ ಕೂಡುಫಲ. ಒಂಬತ್ತನ್ನು ಮಾಡಿ ಒಂದನ್ನು ಬಿಟ್ಟರೆ, ಬಿಟ್ಟ ಒಂದೇ ಮುಂದೆ ಬಂದು ನಿಲ್ಲುತ್ತದೆ.

ಇಂಥ ಕೊಳವೆಗಳನ್ನು ನದೀತೀರದ ಮಣ್ಣಿನಲ್ಲಿ ಹುದುಗಿಸುವ ಬದಲು ಬಂಡೆಯ ಗರ್ಭದಲ್ಲಿ ಸುರಂಗವನ್ನೇ ಕೊರೆದರೆ ಚಂಡಮಾರುತದ ಭಯವಿರುವುದಿಲ್ಲವಲ್ಲ ಎಂಬ ಪ್ರಶ್ನೆ ಸಹಜವಾದುದು. ಅದು ಅರ್ಧ ನಿಜ. ಮೇಲಿನ ನೆರೆ ಆಳದ ಬಂಡೆಯನ್ನು ಮುಟ್ಟಲಾರದು. ಆದರೆ ಸುರಂಗಕ್ಕೂ ನೀರು ಒಳಹೊಗುವ ಬಾಯಿ, ಹೊರಬರುವ ಬಾಯಿ, ನಡುವೆ ಇಳಿಯುವ ಕೂಪಗಳು ಇರಲೇಬೇಕಾದುದರಿಂದ ಗುಡ್ಡದ ಕುಸಿತವೂ ಕೆಸರೂ ಅದನ್ನು ಪ್ರವೇಶಿಸುವುದು ಅಲ್ಲಿಯೇ. ಸುರಂಗ ಕೆಟ್ಟಾಗ ಅದರ ದುರಸ್ತಿಯಾದರೋ ಕೊಳವೆಯ ದುರಸ್ತಿಗಿಂತ ಎಷ್ಟೋ ಕಠಿನ. ಒಳಗಣ ನೀರನ್ನು ಹೊರಹಾಕಿದರೆ, ಅದುವರೆಗೆ ಒಳಗಿನಿಂದ ಒತ್ತಿ ಹಿಡಿದಿದ್ದ ನೀರಿನ ಆಸರೆ ತಪ್ಪಿ, ಹೊರಗಣ ಅಂತರ್ಜಲದ ಭಾರಕ್ಕೆ ಕಾಂಕ್ರೀಟಿನ ಒಳಗೋಡೆಯೇ ಕುಸಿಯಬಹುದು. ಆದುದರಿಂದ ಖಾಲಿಮಾಡುವುದೇ ಒಂದು ಸಾಹಸ. ಅನಂತರ ಶುದ್ಧವಾದ ಗಾಳಿಯನ್ನು ಒಳಕ್ಕೂದಿ, ಕುಸಿದ ಕಲ್ಲುಗಳನ್ನು ಸಾಗಿಸಿ, ಬಿರುಕುಗಳಿಗೆ ಸಿಮೆಂಟಿನ ಗಂಜಿಯನ್ನು ಒತ್ತಡದಿಂದ ತುಂಬಿ, ಗೋಡೆಯನ್ನು ಪುನಃ ಕಟ್ಟಬೇಕು. ಅಷ್ಟರವರೆಗೆ ಊರು ಬೇರೆ ಮೂಲಗಳಿಂದ ಬದುಕಬೇಕು.

ಇದಕ್ಕೆ ನ್ಯೂಯಾರ್ಕ್ ನಗರದ ನಿದರ್ಶನವಿದೆ. ಆ ನಗರದ ನೀರಿನಲ್ಲಿ ಅರ್ಧದಷ್ಟನ್ನು ತರುವ ಡೆಲವೇರ್ ಜಲಸುರಂಗವು 85 ಮೈಲಿಗಳ ಉದ್ದದ್ದು. ಅದನ್ನು ಬಳಕೆಗೆ ತಂದುದು 1944ರಲ್ಲಿ. ಚಂಡಮಾರುತದಿಂದಲ್ಲದಿದ್ದರೂ, ಬಂಡೆ ದುರ್ಬಲವಾಗಿದ್ದ ಕಡೆಗಳಲ್ಲಿ ಅದು ಸೀಳಿ ದಶಕಗಳಿಂದ ಸೋರುತ್ತಿದ್ದಿತು. ಆ ಸುರಂಗವನ್ನು ನಿಲ್ಲಿಸದೆ ಒಳಹೊಕ್ಕು ಸರಿಪಡಿಸುವಂತಿಲ್ಲ, ನಿಲ್ಲಿಸಿದರೆ ನಗರಕ್ಕೆ ನೀರಿಲ್ಲ. ಇದಕ್ಕಾಗಿ ಹಡ್ಸನ್ ನದಿಯ ಕೆಳಗೆ 600 ಅಡಿಗಳ ಆಳದಲ್ಲಿ ಎರಡೂವರೆ ಮೈಲಿಗಳ ಉಪಸುರಂಗವೊಂದನ್ನು ಕೊರೆದು, 2019ರಲ್ಲಿ ಕೊರೆಯುವ ಕೆಲಸವನ್ನು ಮುಗಿಸಿ, 2024ರ ಶರತ್ಕಾಲದಲ್ಲಿ ಹಳೆಯ ಸುರಂಗವನ್ನು ಮುಚ್ಚಿ ಎರಡನ್ನೂ ಜೋಡಿಸಬೇಕೆಂದು ನಿಶ್ಚಯಿಸಿದ್ದರು. ಆದರೆ ಆ ಋತುವಿನಲ್ಲಿ ಅಲ್ಲಿ ಮಳೆ ತೀರ ಕಡಿಮೆಯಾಗಿ ಜಲಾಶಯಗಳು ತಗ್ಗಿದುವು. ನಗರದ ಮೇಯರರು ಬರದ ಎಚ್ಚರಿಕೆಯನ್ನು ಘೋಷಿಸಿ ಜೋಡಣೆಯ ಕೆಲಸವನ್ನು ಮುಂದಕ್ಕೆ ಹಾಕಿದುದು ನವೆಂಬರ್ 18ರಂದು. ಆಶ್‌ವಿಲ್ಲಿನಲ್ಲಿ, ನೀರನ್ನು ಕಾಯಿಸಿಯೇ ಕುಡಿಯಬೇಕೆಂಬ ಕಟ್ಟಳೆಯನ್ನು ತೆಗೆದುಹಾಕಿದುದೂ ಅದೇ ದಿನ. ಒಂದೇ ದೇಶದಲ್ಲಿ, ಒಂದೇ ದಿನ, ಅತಿವೃಷ್ಟಿಯಿಂದ ಕೆಟ್ಟ ಜಲಮಾರ್ಗದ ದುರಸ್ತಿ ಕೊನೆಮುಟ್ಟಿತು, ಅನಾವೃಷ್ಟಿಯಿಂದ ಮತ್ತೊಂದರ ದುರಸ್ತಿ ನಿಂತುಹೋಯಿತು. ಇಂಜಿನಿಯರನು ಕಾಲವನ್ನು ಲೆಕ್ಕಹಾಕಬಲ್ಲನಲ್ಲದೆ ಮೋಡಗಳನ್ನಲ್ಲ.

ಕರ್ನಾಟಕದ ಓದುಗರಿಗೂ ಈ ವಿಷಯ ದೂರದ್ದಲ್ಲ. ಬೆಂಗಳೂರಿಗೆ ನೂರು ಕಿಲೋಮೀಟರಿನಷ್ಟು ದೂರದಿಂದ, ಕಾವೇರಿಯ ಕಣಿವೆಯಿಂದ ನೀರನ್ನು ಮೇಲೆತ್ತಿ ತರುವ ವ್ಯವಸ್ಥೆಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ನಾಭಿಯಂತಿದೆ. 2022ನೆಯ ಸೆಪ್ಟೆಂಬರಿನ ಮೊದಲ ವಾರದಲ್ಲಿ ಸುರಿದ ಮಳೆಗೆ ಅಲ್ಲಿನ ಪಂಪುಗಳ ಮನೆಯೊಳಕ್ಕೆ ನೀರು ನುಗ್ಗಿ ಯಂತ್ರಗಳು ನಿಂತಾಗ, ಬೀದಿಗಳಲ್ಲಿ ಮಳೆನೀರು ನಿಂತಿದ್ದ ಬೆಂಗಳೂರಿನಲ್ಲಿಯೇ ಅನೇಕ ಬಡಾವಣೆಗಳಿಗೆ ಕುಡಿಯುವ ನೀರು ಬಾರದೆ ಹೋಯಿತು. ಆಶ್‌ವಿಲ್ಲಿನಲ್ಲಿ ನೀರು ತಾನಾಗಿ ಇಳಿದುಬರುತ್ತದೆ, ನಮ್ಮಲ್ಲಿ ಅದನ್ನು ವಿದ್ಯುತ್ತಿನಿಂದ ಮೇಲೆತ್ತಬೇಕು. ಆದುದರಿಂದ ಅಲ್ಲಿ ಕೊಳವೆ ಎಷ್ಟು ಮುಖ್ಯವೋ ಇಲ್ಲಿ ಯಂತ್ರದ ಮನೆಯ ನೆಲಗಟ್ಟಿನ ಎತ್ತರ ಅಷ್ಟೇ ಮುಖ್ಯ. ಜಲಮಾರ್ಗದ ದುರ್ಬಲಸ್ಥಾನ ಊರೂರಿಗೂ ಬೇರೆ. ಅದನ್ನು ಮಳೆಗಿಂತ ಮೊದಲು ಕಂಡುಹಿಡಿಯುವುದು ಊರಿನ ಹೊಣೆ.

ಈ ವೃತ್ತಾಂತವನ್ನು ಆದ್ಯಂತವಾಗಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರತಿಯೊಂದು ಜೀರ್ಣೋದ್ಧಾರವೂ ಹಿಂದಿನ ಚಂಡಮಾರುತ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ. ಮುಂದಿನ ಚಂಡಮಾರುತವಾದರೋ ಅದೇ ಪ್ರಶ್ನೆಯನ್ನು ಕೇಳುವುದಿಲ್ಲ. 2004 ಕೊಳವೆಯ ವಿಷಯವಾಗಿ, ಕಟ್ಟೆಯ ವಿಷಯವಾಗಿ ಕೇಳಿತು. ಇಪ್ಪತ್ತು ವರ್ಷಗಳ ಬಳಿಕ ಕಟ್ಟೆ ನಿಂತಿತು, ಕೊಳವೆ ಎರಡು ವಾರಗಳಲ್ಲಿ ಸರಿಹೋಯಿತು. ಆದರೆ 2024 ಕೆಸರಿನ ವಿಷಯವಾಗಿ ಕೇಳಿತು, ಅದಕ್ಕೆ ಉತ್ತರ ಸಿದ್ಧವಿರಲಿಲ್ಲ. ಕದಡಿದ ನೀರನ್ನೂ ಶುದ್ಧಗೊಳಿಸಬಲ್ಲ ಏರ್ಪಾಡು ನಾರ್ತ್ ಫೋರ್ಕಿಗೆ ಬೇಕೆಂಬ ಮಾತು ಈಗ ಮುಂದೆ ಬಂದಿದೆ. ಅದನ್ನು ಕಟ್ಟಿದ ಮೇಲೆ ಮುಂದಿನ ಪರೀಕ್ಷೆ ಬೇರೆಲ್ಲಿಯಾದರೂ ಬಂದೀತು. ಹಾಗೆಂದು ಕಟ್ಟುವುದು ವ್ಯರ್ಥವೆಂದು ಹೇಳುವುದು ವಿವೇಕವಲ್ಲ. ಹಿಂದಿನ ಉತ್ತರಗಳು ಇದ್ದುದರಿಂದಲೇ ಈ ಬಾರಿ ಕಟ್ಟೆಯೊಡೆದು ಕಣಿವೆ ಕೊಚ್ಚಿಹೋಗುವ ಅನರ್ಥ ತಪ್ಪಿತು, ಮೊದಲನೆಯ ಹನಿ ಊರನ್ನು ಸೇರುವುದಕ್ಕೆ ತಿಂಗಳುಗಳು ಬೇಕಾಗಲಿಲ್ಲ.

ವರ್ಷಗಟ್ಟಲೆ ನೆಲದಡಿಯಲ್ಲಿ ಕೆಲಸವಿಲ್ಲದಂತೆ ಬಿದ್ದಿದ್ದ ಉಪಮಾರ್ಗವನ್ನು ಲೆಕ್ಕಪತ್ರಗಳ ದೃಷ್ಟಿಯಿಂದ ನೋಡಿದವನು ಅದನ್ನು ಸುಮ್ಮನೆ ಹೂಳಿಟ್ಟ ಹಣವೆಂದು ಎಣಿಸಬಹುದಾಗಿದ್ದಿತು. ಪೌರಸಭೆಗಳ ಆಯವ್ಯಯದಲ್ಲಿ ಇಂಥ ವೆಚ್ಚಗಳಿಗೆ ಮೊದಲು ಕತ್ತರಿ ಬೀಳುವುದು ಎಲ್ಲ ದೇಶಗಳಲ್ಲಿಯೂ ವಾಡಿಕೆ; ಏಕೆಂದರೆ ಅವುಗಳಿಗೆ ಉದ್ಘಾಟನೆಯ ಸಂಭ್ರಮವಿಲ್ಲ, ಅವುಗಳ ಪ್ರಯೋಜನ ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ಒಂದೇ ಮೂಲದ, ಒಂದೇ ಕೊಳವೆಯ ಮೇಲೆ ನಿಂತ ನಗರವು ಎಷ್ಟೇ ಸಿರಿವಂತವಾಗಿದ್ದರೂ ನೀರಿನ ಮಟ್ಟಿಗೆ ದರಿದ್ರವೇ. ಹೊಸ ನೀರನ್ನು ತರುವ ಯೋಜನೆಗಳಿಗಾಗಿ ಪ್ರಜೆಗಳು ಕೇಳುವಷ್ಟೇ ಆಸ್ಥೆಯಿಂದ, ಇರುವ ನೀರಿಗೆ ಎರಡನೆಯ ದಾರಿಯೂ ಕದಡಿದ ನೀರನ್ನು ಸೋಸಬಲ್ಲ ಸಾಧನವೂ ತಮ್ಮ ಊರಿನಲ್ಲಿ ಉಂಟೆ ಎಂದು ಕೇಳುವುದನ್ನು ಕಲಿಯಬೇಕು. ಆ ಪ್ರಶ್ನೆಯನ್ನು ಜನರು ಮಳೆಗಾಲಕ್ಕೆ ಮುಂಚೆ ಕೇಳದಿದ್ದರೆ ಮಳೆಯೇ ಬಂದು ಕೇಳುತ್ತದೆ.